ಕೈ ಮೇಲೆ, ಕಾಲು ಅಗಲ

ಬೆಟಗೇರಿ ನೇಕಾರರ ಊರು. ಕುಣಿಮಗ್ಗದಲ್ಲಿ ಕುಳಿತವರ ಪಾದಗಳು ದಿನವಿಡೀ ಕೆಳಗಿನ ಹಲಗೆ ತುಳಿಯುತ್ತವೆ, ಕೈಗಳು ಲಾಳಿ ಓಡಿಸುತ್ತವೆ. ದುಡಿಮೆಯೇನೂ ಕಡಿಮೆಯಲ್ಲ. ಆದರೆ ತೋಳು ತಲೆಯ ಮೇಲೆ ಹೋಗುವುದಿಲ್ಲ, ಕಾಲು ಪಕ್ಕಕ್ಕೆ ಸರಿಯುವುದಿಲ್ಲ. ಅಂಗಡಿಯ ಗಲ್ಲಾದಲ್ಲಿ, ಹೊಲಿಗೆ ಯಂತ್ರದ ಮುಂದೆ ಕುಳಿತವರ ಕಥೆಯೂ ಅಷ್ಟೇ. ಈ ಕೊರತೆಯನ್ನು ಕಾಸು ಖರ್ಚಿಲ್ಲದೆ ತುಂಬುವ ವ್ಯಾಯಾಮ ಶಾಲೆಯ ಕವಾಯತಿನಲ್ಲೇ ಇದೆ. ಅದೇ ಜಂಪಿಂಗ್ ಜ್ಯಾಕ್. ದಾರ ಎಳೆದರೆ ಕೈಕಾಲು ಚಾಚುವ ಪಾಶ್ಚಾತ್ಯ ಗೊಂಬೆಯೊಂದರ ಹೆಸರು ಇದಕ್ಕೆ ಬಂದಿದೆ.

ಗೊಂಬೆಗೆ ಕೀಲು ಸವೆಯುವ ಭಯವಿಲ್ಲ, ಮನುಷ್ಯನಿಗೆ ಇದೆ. ಹೆಚ್ಚಿನವರು ತಪ್ಪುವುದು ನೆಲ ಮುಟ್ಟುವಾಗ. ವೇಗದ ಚೆಂಡು ಹಿಡಿಯುವವನು ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾನಲ್ಲವೇ? ಚೆಂಡು ನಿಲ್ಲುವ ಕಾಲ ಹೆಚ್ಚಿದಷ್ಟೂ ಪೆಟ್ಟು ಕಡಿಮೆ. ಇದು ನ್ಯೂಟನ್ನನ ಎರಡನೆಯ ನಿಯಮದ ಫಲ. ಜಿಗಿತಕ್ಕೂ ಇದೇ ಲೆಕ್ಕ. ಮೊದಲು ಪಾದದ ಮುಂಭಾಗ ನೆಲ ಮುಟ್ಟಬೇಕು, ಹಿಮ್ಮಡಿ ಮೆಲ್ಲಗೆ ಇಳಿಯಬೇಕು, ಮೊಣಕಾಲು ತುಸು ಬಾಗಬೇಕು. ಆಗ ಮೀನಖಂಡವೂ ತೊಡೆಯ ಮುಂದಿನ ಕ್ವಾಡ್ರಿಸೆಪ್ಸ್ ಸ್ನಾಯುಗಳೂ ಹೊಡೆತವನ್ನು ಹಂಚಿಕೊಳ್ಳುತ್ತವೆ. ಕಾಲು ಸೆಟೆದು ಧಪ್ಪೆಂದು ಬಿದ್ದರೆ ಆ ಹೊಡೆತ ಮೊಣಕಾಲಿಗೂ ಬೆನ್ನಿಗೂ ಏರುತ್ತದೆ. ಮಂಡಿಗಳು ಒಳಕ್ಕೆ ವಾಲದೆ ಕಾಲ್ಬೆರಳುಗಳ ನೇರಕ್ಕೇ ಇರಲಿ. ಫರಸಿ ಹಾಸಿದ ಪಡಸಾಲೆಗಿಂತ ಮಣ್ಣಿನ ಅಂಗಳ ಮೇಲು.

ಕಾಲು ಅಗಲಿಸುವುದು ಸೊಂಟದ ಪಕ್ಕದ ಗ್ಲುಟಿಯಸ್ ಮೀಡಿಯಸ್. ಒಟ್ಟಿಗೆ ತರುವುದು ತೊಡೆಯ ಒಳಬದಿಯ ಅಡಕ್ಟರ್ ಗುಂಪು. ಮೊದಲನೆಯದರ ಹೆಸರು ಕೇಳಿದವರು ಕಡಿಮೆ, ಉಪಕಾರ ಮಾತ್ರ ದೊಡ್ಡದು. ನಡೆಯುವಾಗ ಒಂದು ಕಾಲು ಎತ್ತಿದೊಡನೆ ಸೊಂಟ ವಾಲದಂತೆ ಹಿಡಿಯುವುದು ಇದೇ. ಇದು ಸೋತರೆ ನಡಿಗೆ ತೂಗಾಡುತ್ತದೆ.

ಇನ್ನು ತೋಳು. ಅದನ್ನು ಎತ್ತುವುದು ಭುಜದ ಡೆಲ್ಟಾಯ್ಡ್ ಎಂದಷ್ಟೇ ಹೇಳಿದರೆ ಅರ್ಧ ಸತ್ಯ. ಪೂರ್ತಿ 180 ಡಿಗ್ರಿ ಏರುವಾಗ ಭುಜದ ಕೀಲು ಕೊಡುವುದು ಸುಮಾರು 120 ಡಿಗ್ರಿ. ಉಳಿದದ್ದು ಹೆಗಲ ಹಲಗೆ ತಿರುಗುವುದರಿಂದ ಸಿಗುತ್ತದೆ. ಅದನ್ನು ತಿರುಗಿಸುವವು ಟ್ರೆಪೀಜಿಯಸ್ ಮತ್ತು ಸರೇಟಸ್ ಆಂಟೀರಿಯರ್. ಅರ್ಧಕ್ಕೇ ಕೈ ಬೀಸಿ ಎಣಿಕೆ ಮುಗಿಸುವವರಿಗೆ ಇವೆರಡರ ಪೂರ್ಣ ಕೆಲಸದ ಲಾಭವಿಲ್ಲ. ಕೈ ಭುಜಮಟ್ಟ ದಾಟುವಾಗ ಅಂಗೈ ಮೇಲ್ಮುಖವಾದರೆ ಕೀಲಿನೊಳಗೆ ಸ್ನಾಯುರಜ್ಜು ಉಜ್ಜುವ ಸಂಭವ ಕಡಿಮೆ. ಕೈ ಇಳಿಸುವ ಕೆಲಸ ಬಹುಪಾಲು ಗುರುತ್ವದ್ದೇ. ವೇಗವಾಗಿ ಎಳೆದಾಗ ಮಾತ್ರ ಬೆನ್ನಿನ ಅಗಲ ಸ್ನಾಯುವೂ ಕೈಗೂಡಿಸುತ್ತದೆ.

ಬೊಜ್ಜು ಕರಗೀತೇ ಎಂಬುದು ಎಲ್ಲರ ಪ್ರಶ್ನೆ. 60 ಕಿಲೋ ತೂಕದವರು ಬಿರುಸಿನಿಂದ ಜಿಗಿದರೆ ನಿಮಿಷಕ್ಕೆ ಹೆಚ್ಚುಕಡಿಮೆ 8 ಕ್ಯಾಲೊರಿ ವ್ಯಯವಾಗುತ್ತದೆ. 10 ನಿಮಿಷ ಏದುಸಿರು ಬಿಟ್ಟರೂ 50 ಗ್ರಾಂ ಹಿಟ್ಟಿನ ಜೋಳದ ರೊಟ್ಟಿಯೊಂದರ ಅರ್ಧದಷ್ಟು ಮಾತ್ರ! ಲಾಭವಿರುವುದು ಹೃದಯಕ್ಕೆ, ಸ್ನಾಯುಗಳಿಗೆ. ಹೊಸಬರು 20 ಸೆಕೆಂಡು ಜಿಗಿದು 40 ಸೆಕೆಂಡು ವಿಶ್ರಮಿಸಲಿ. ಇಂಥ ಐದು ಸುತ್ತು ಸಾಕು. ಉಸಿರು ಬಿಗಿಹಿಡಿಯಬಾರದು.

ಮಂಡಿನೋವಿನವರು, ಹೆರಿಗೆಯಾಗಿ ಹೆಚ್ಚು ದಿನವಾಗದವರು, ಹೃದ್ರೋಗಿಗಳು ವೈದ್ಯರನ್ನು ಕೇಳದೆ ಜಿಗಿಯಬಾರದು. ವಯಸ್ಸಾದವರಿಗೆ ಜಿಗಿತವೇ ಬೇಕಿಲ್ಲ. ಒಂದು ಕಾಲನ್ನು ಪಕ್ಕಕ್ಕೆ ಇಟ್ಟು ಕೈ ಎತ್ತುವುದು, ಕಾಲು ಸೇರಿಸಿ ಕೈ ಇಳಿಸುವುದು, ಮತ್ತೆ ಇನ್ನೊಂದು ಕಾಲು. ಪಕ್ಕದಲ್ಲಿ ಗೋಡೆಯೊಂದಿದ್ದರೆ ಆಯಿತು, ಆ ಕಡೆಯ ಕೈ ಅದರ ಮೇಲಿರಲಿ.