ಮನೆಯಲ್ಲಿ ಕಡಲೆಬೀಜದ ಬೆಣ್ಣೆಯ ಬಿಸ್ಕತ್ತು: ತಯಾರಿಸುವ ವಿಧಾನ ಹಾಗೂ ಮಾರಾಟಕ್ಕೆ ಮುನ್ನ ತಿಳಿದಿರಬೇಕಾದ ವಿಷಯಗಳು

ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿ ಹೋಬಳಿ ಹಾಗೂ ಸುತ್ತಲಿನ ಗ್ರಾಮಗಳಲ್ಲಿ ಮನೆಯಲ್ಲಿಯೇ ತಿನಿಸು ತಯಾರಿಸಿ ಮಾರಾಟ ಮಾಡಲು ಇಚ್ಛಿಸುವ ಮಹಿಳೆಯರು, ಸ್ವಸಹಾಯ ಸಂಘಗಳ ಸದಸ್ಯರು ಮತ್ತು ಇತರ ಸಾರ್ವಜನಿಕರ ಮಾಹಿತಿಗಾಗಿ ಈ ಲೇಖನವನ್ನು ಪ್ರಕಟಿಸಲಾಗಿದೆ. ಮನೆಯವರಿಗಾಗಿ ಮಾತ್ರ ತಯಾರಿಸುವವರು ಮೊದಲ ಎರಡು ಭಾಗಗಳನ್ನು ಓದಿದರೆ ಸಾಕಾಗುತ್ತದೆ. ಒಂದು ಪೊಟ್ಟಣವನ್ನಾದರೂ ಹಣ ಪಡೆದು ಕೊಡುವ ಉದ್ದೇಶವಿರುವವರು ಪೂರ್ತಿಯಾಗಿ ಓದತಕ್ಕದ್ದು.

ಬಿಸ್ಕತ್ತು ಹಾಸನ ಜಿಲ್ಲೆಗೆ ಹೊಸತಲ್ಲ. ಬೆಂಗಳೂರಿನಲ್ಲಿ ಹೆಸರಾದ ಅಯ್ಯಂಗಾರ್ ಬೇಕರಿಗಳನ್ನು ಕಟ್ಟಿದ ಕುಟುಂಬಗಳಲ್ಲಿ ಅನೇಕವು ಹಾಸನ ಕಡೆಯವು. ಚಿಕ್ಕಪೇಟೆಯಲ್ಲಿ 1898ರಲ್ಲಿ ಆರಂಭವಾಯಿತೆನ್ನಲಾದ ಬಿ.ಬಿ. ಬೇಕರಿ ಇವುಗಳಲ್ಲಿ ಹಳೆಯದು. ಮೊಟ್ಟೆ ಬಳಸದೆ ಬೆಣ್ಣೆ ಬಿಸ್ಕತ್ತು, ಖಾರಾ ಬಿಸ್ಕತ್ತು ಸುಡುವ ಕ್ರಮ ಆ ಬೇಕರಿಗಳಿಂದಲೇ ಜನಸಾಮಾನ್ಯರಿಗೆ ಪರಿಚಿತವಾಯಿತು. ಕಡಲೆಬೀಜದ ಬಿಸ್ಕತ್ತು ಮಾತ್ರ ಅಮೆರಿಕದಿಂದ ಬಂದದ್ದು. ಅಲ್ಲಿನ ಕೃಷಿ ವಿಜ್ಞಾನಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ 1916ರಲ್ಲಿ ಹೊರತಂದ ಕಿರುಹೊತ್ತಿಗೆಯಲ್ಲಿ ಕಡಲೆಕಾಯಿಯಿಂದ ಮಾಡಬಹುದಾದ 105 ತಿನಿಸುಗಳ ವಿವರವಿದ್ದು, ಅವುಗಳಲ್ಲಿ ಬಿಸ್ಕತ್ತುಗಳೂ ಸೇರಿವೆ. ಇಲ್ಲಿ ವಿವರಿಸಿರುವ ಕ್ರಮವು ಮೊಟ್ಟೆರಹಿತವಾದುದಾಗಿದೆ.

ಬೀಜದ ಆಯ್ಕೆ

ಈ ತಿನಿಸಿನಲ್ಲಿ ಅತ್ಯಂತ ಎಚ್ಚರಿಕೆ ವಹಿಸಬೇಕಾದ ಹಂತ ಒಲೆ ಹಚ್ಚುವುದಕ್ಕೂ ಮೊದಲೇ ಬರುತ್ತದೆ. ಸರಿಯಾಗಿ ಒಣಗದ ಅಥವಾ ತೇವದಲ್ಲಿ ಸಂಗ್ರಹಿಸಿದ ಕಡಲೆಬೀಜದ ಮೇಲೆ ಆಸ್ಪರ್ಜಿಲಸ್ ಎಂಬ ಬೂಷ್ಟು ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತದೆ. ಈ ವಿಷವು ಯಕೃತ್ತಿಗೆ ಹಾನಿಕರವಾಗಿದ್ದು, ದೀರ್ಘಕಾಲ ಸೇವಿಸಿದಲ್ಲಿ ಯಕೃತ್ತಿನ ಕ್ಯಾನ್ಸರಿಗೂ ಕಾರಣವಾಗಬಲ್ಲದು. ಹುರಿದರೆ ಅಥವಾ ಸುಟ್ಟರೆ ಇದು ಪೂರ್ಣವಾಗಿ ನಾಶವಾಗುವುದಿಲ್ಲ ಎಂಬುದನ್ನು ವಿಶೇಷವಾಗಿ ಗಮನಿಸತಕ್ಕದ್ದು. "ಹೇಗೂ ಹುರಿಯುತ್ತೇವಲ್ಲ" ಎಂದು ಕಡಿಮೆ ಬೆಲೆಯ ಮುಗ್ಗಲು ಬೀಜವನ್ನು ಕೊಳ್ಳುವುದು ತಪ್ಪು ಲೆಕ್ಕ.

ಬೀಜವನ್ನು ಮೊರದಲ್ಲಿ ಹರವಿ, ಸುಕ್ಕುಗಟ್ಟಿದ, ಬಣ್ಣಗೆಟ್ಟ, ಹಸಿರು ಅಥವಾ ಕಪ್ಪು ಛಾಯೆಯ, ಮೊಳಕೆಯೊಡೆದ ಹಾಗೂ ಹುಳು ಕೊರೆದ ಕಾಳುಗಳನ್ನು ಆರಿಸಿ ತೆಗೆಯಬೇಕು. ಹುರಿದು ಸಿಪ್ಪೆ ತೆಗೆದ ನಂತರ ಮತ್ತೊಮ್ಮೆ ಆರಿಸುವುದು ಒಳ್ಳೆಯದು, ಏಕೆಂದರೆ ಸಿಪ್ಪೆಯಡಿಯ ಕಲೆಗಳು ಆಗಲೇ ಕಾಣುತ್ತವೆ. ಆರಿಸಿ ತೆಗೆದುದನ್ನು ದನಕರುಗಳಿಗೂ ಕೋಳಿಗಳಿಗೂ ಹಾಕಬಾರದು. ಅವುಗಳಿಗೂ ಅದು ವಿಷವೇ. ಹಸು ತಿಂದಲ್ಲಿ ವಿಷದ ಅಂಶ ಹಾಲಿಗೂ ಬರುತ್ತದೆ.

ತಯಾರಿಸುವ ವಿಧಾನ

ಬೇಕಾಗುವ ಸಾಮಗ್ರಿಗಳು: ಕಡಲೆಬೀಜ 200 ಗ್ರಾಂ, ಬೆಣ್ಣೆ 100 ಗ್ರಾಂ, ಪುಡಿ ಮಾಡಿದ ಸಕ್ಕರೆ 120 ಗ್ರಾಂ, ಮೈದಾ ಅಥವಾ ಗೋಧಿ ಹಿಟ್ಟು 150 ಗ್ರಾಂ, ಅಡುಗೆ ಸೋಡಾ ಕಾಲು ಚಮಚ, ಉಪ್ಪು ಒಂದು ಚಿಟಿಕೆ, ಹಾಲು ಒಂದೆರಡು ದೊಡ್ಡ ಚಮಚ. ರಾಗಿ ಮನೆಯಲ್ಲಿದ್ದವರು 50 ಗ್ರಾಂ ಹಿಟ್ಟಿನ ಬದಲಿಗೆ ಅಷ್ಟೇ ರಾಗಿ ಹಿಟ್ಟನ್ನು ಹುರಿದು ಸೇರಿಸಬಹುದು. ಅದಕ್ಕಿಂತ ಹೆಚ್ಚಾದರೆ ಬಿಸ್ಕತ್ತು ಕೈಯಲ್ಲಿ ಹಿಡಿಯುವಾಗಲೇ ಪುಡಿಯಾಗುತ್ತದೆ.

ಬೀಜವನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ 8ರಿಂದ 10 ನಿಮಿಷ ಹುರಿದು, ಪೂರ್ತಿ ಆರಿದ ಮೇಲೆ ಉಜ್ಜಿ ಸಿಪ್ಪೆಯನ್ನು ಕೇರಿ ತೆಗೆಯಬೇಕು. ನಂತರ ಒಣಗಿದ ಮಿಕ್ಸಿ ಜಾರಿನಲ್ಲಿ ರುಬ್ಬಬೇಕು. ಮೊದಲು ಪುಡಿಯಾಗಿ, ಆಮೇಲೆ ಮುದ್ದೆಗಟ್ಟಿ, ಇನ್ನೂ ರುಬ್ಬಿದಾಗ ಎಣ್ಣೆ ಬಿಟ್ಟುಕೊಂಡು ನುಣ್ಣನೆಯ ಬೆಣ್ಣೆಯಂತಾಗುತ್ತದೆ. ಕಡಲೆಬೀಜದ ತೂಕದಲ್ಲಿ ಸುಮಾರು ಅರ್ಧದಷ್ಟು ಎಣ್ಣೆಯೇ ಇರುವುದರಿಂದ ಬೇರೇನನ್ನೂ ಸೇರಿಸುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ಮುದ್ದೆಗಟ್ಟುವ ಹಂತದಲ್ಲಿ ಹಲವರು ಧೈರ್ಯಗೆಟ್ಟು ನೀರು ಹಾಕುತ್ತಾರೆ. ನೀರು ಬಿದ್ದೊಡನೆ ಅದು ಬೆಣ್ಣೆಯಾಗುವುದು ನಿಂತು ಚಟ್ನಿಯಾಗುತ್ತದೆ. ಒಂದು ನಿಮಿಷ ರುಬ್ಬಿ, ಮಿಕ್ಸಿಗೆ ಎರಡು ನಿಮಿಷ ಬಿಡುವು ಕೊಟ್ಟು, ಬದಿಗೆ ಅಂಟಿದ್ದನ್ನು ಕೆರೆದು ಮತ್ತೆ ರುಬ್ಬುವುದೇ ಉಪಾಯ. ಅಂಗಡಿಗಳಲ್ಲಿ ಪೀನಟ್ ಬಟರ್ ಎಂದು ಮಾರುವುದು ಮೂಲತಃ ಇದನ್ನೇ.

ಹೀಗೆ ದೊರೆತುದರಲ್ಲಿ 150 ಗ್ರಾಂ ತೆಗೆದುಕೊಂಡು, ಬೆಣ್ಣೆ ಮತ್ತು ಸಕ್ಕರೆಯೊಡನೆ ಬಣ್ಣ ತಿಳಿಯಾಗುವವರೆಗೆ ಕಲಸಿ, ಜರಡಿ ಹಿಡಿದ ಹಿಟ್ಟು, ಸೋಡಾ, ಉಪ್ಪು ಸೇರಿಸಿ, ಉಂಡೆ ಕಟ್ಟಲು ಬೇಕಾಗುವಷ್ಟು ಮಾತ್ರ ಹಾಲು ಹಾಕಬೇಕು. ಚಪಾತಿ ಹಿಟ್ಟಿನಂತೆ ನಾದಬಾರದು. ನಾದಿದರೆ ಬಿಸ್ಕತ್ತು ಗಡುಸಾಗುತ್ತದೆ. ತಲಾ 20 ಗ್ರಾಂ ತೂಕದ ಸುಮಾರು 27 ಉಂಡೆಗಳಾಗುತ್ತವೆ. ಈ ಹಿಟ್ಟು ಶಾಖಕ್ಕೆ ತಾನಾಗಿ ಅಗಲವಾಗುವುದು ಕಡಿಮೆ. ಆದುದರಿಂದ ಫೋರ್ಕಿನಿಂದ ಅಡ್ಡಡ್ಡಲಾಗಿ ಎರಡು ಬಾರಿ ಒತ್ತಿ ಚಪ್ಪಟೆ ಮಾಡುವ ರೂಢಿ ಬಂದಿದೆ. ಆ ಗೆರೆಗಳು ಅಲಂಕಾರಕ್ಕಷ್ಟೇ ಅಲ್ಲ, ಒಳಭಾಗ ಸಮನಾಗಿ ಬೇಯುವುದಕ್ಕೂ ಬೇಕು.

ಓವನ್ ಇದ್ದವರು 170 ಡಿಗ್ರಿ ಸೆಲ್ಸಿಯಸ್‌ನಲ್ಲಿ 12ರಿಂದ 15 ನಿಮಿಷ ಸುಡಬೇಕು. ಇಲ್ಲದವರು ಮುಚ್ಚಳವಿರುವ ದಪ್ಪ ತಳದ ಹಳೆಯ ಪಾತ್ರೆಯಲ್ಲಿ ಒಂದು ಅಂಗುಲ ಉಪ್ಪು ಹರವಿ, ಮೇಲೆ ಸ್ಟ್ಯಾಂಡ್ ಇಟ್ಟು, ಹತ್ತು ನಿಮಿಷ ಕಾಯಿಸಿ, ತಟ್ಟೆಯನ್ನು ಇಳಿಸಿ ಸಣ್ಣ ಉರಿಯಲ್ಲಿ ಸುಮಾರು 20 ನಿಮಿಷ ಬಿಡಬಹುದು. ಕುಕ್ಕರನ್ನೇ ಬಳಸುವುದಾದರೆ ಗ್ಯಾಸ್ಕೆಟ್ ಮತ್ತು ವೆಯ್ಟ್ ಎರಡನ್ನೂ ತೆಗೆದಿರಲೇಬೇಕು. ಅಂಚು ಕೆಂಪಾಗಿ ಮಧ್ಯಭಾಗ ಇನ್ನೂ ಮೆತ್ತಗಿರುವಾಗಲೇ ಹೊರತೆಗೆಯಬೇಕು. ಗರಿಗರಿಯಾಗುವುದು ಆರಿದ ಮೇಲೆ. ಬಿಸಿಯಿರುವಾಗ ಡಬ್ಬಿಗೆ ತುಂಬಿದರೆ ಹಬೆ ನಿಂತು ಮೆತ್ತಗಾಗಿ ಬೇಗ ಕೆಡುತ್ತದೆ.

ಬೆಲೆ ನಿಗದಿ

ಮಾರಾಟ ಮಾಡುವವರಲ್ಲಿ ಹೆಚ್ಚಿನವರು ಸಾಮಗ್ರಿಯ ಖರ್ಚನ್ನಷ್ಟೇ ಲೆಕ್ಕ ಹಾಕುತ್ತಾರೆ. ಉದಾಹರಣೆಗೆ, ಒಂದು ಬಾರಿಯ ಸಾಮಗ್ರಿಗೆ 125 ರೂಪಾಯಿ ತಗುಲಿ, 27ರಲ್ಲಿ ಎರಡು ಒಡೆದು 25 ಉಳಿದವೆಂದು ಭಾವಿಸೋಣ. ಒಂದಕ್ಕೆ 5 ರೂಪಾಯಿ ಬೀಳುತ್ತದೆ. 8 ರೂಪಾಯಿಗೆ ಮಾರಿದರೆ 3 ರೂಪಾಯಿ ಲಾಭವೆಂದು ತೋರುವುದು ಸಹಜ. ಆದರೆ ಅನಿಲ, ವಿದ್ಯುತ್, ಪೊಟ್ಟಣ, ಚೀಟಿ, ಸಾಗಣೆಗೆ 50 ರೂಪಾಯಿ ಸೇರಿದಾಗ ಒಟ್ಟು ಖರ್ಚು 175 ಆಗುತ್ತದೆ. ಮಾರಾಟದಿಂದ ಬರುವುದು 200. ಉಳಿಯುವ 25 ರೂಪಾಯಿ ಎರಡು ಗಂಟೆಯ ದುಡಿಮೆಗೆ ಸಿಕ್ಕ ಕೂಲಿ, ಅಂದರೆ ಗಂಟೆಗೆ ಹನ್ನೆರಡೂವರೆ ರೂಪಾಯಿ. ಗಂಟೆಗೆ 50 ರೂಪಾಯಿಯನ್ನಾದರೂ ಕೂಲಿಯಾಗಿ ಇಟ್ಟುಕೊಂಡಲ್ಲಿ ಒಂದು ಬಿಸ್ಕತ್ತಿನ ಅಸಲೇ 11 ರೂಪಾಯಿ ಆಗುತ್ತದೆ. ಲಾಭ ಅದರ ಮೇಲೆ. ಮನೆಯಾಕೆಯ ಕೆಲಸಕ್ಕೆ ಕೂಲಿ ಹಿಡಿಯದ ಲೆಕ್ಕಪುಸ್ತಕ ಪೂರ್ಣವಾದುದಲ್ಲ.

ನೋಂದಣಿ

ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಅಧಿನಿಯಮ, 2006ರ 31ನೇ ಪ್ರಕರಣದನ್ವಯ ಸಣ್ಣ ಆಹಾರ ತಯಾರಕರು ಪರವಾನಗಿಯ ಬದಲಿಗೆ ನೋಂದಣಿ ಪಡೆಯತಕ್ಕದ್ದು. ಅಡುಗೆಮನೆಯಲ್ಲಿ ತಯಾರಿಸಿದರೂ ಇದು ಅನ್ವಯವಾಗುತ್ತದೆ. 2011ರ ನಿಯಮಾವಳಿಯಲ್ಲಿ ವಾರ್ಷಿಕ ವಹಿವಾಟು 12 ಲಕ್ಷ ರೂಪಾಯಿ ಮೀರದವರನ್ನು ಸಣ್ಣ ಉದ್ದಿಮೆದಾರರೆಂದು ಗುರುತಿಸಿ, ವರ್ಷಕ್ಕೆ 100 ರೂಪಾಯಿ ಶುಲ್ಕ ನಿಗದಿಪಡಿಸಲಾಗಿತ್ತು. ಮಿತಿ ಮತ್ತು ಶುಲ್ಕವನ್ನು ಅರ್ಜಿ ಸಲ್ಲಿಸುವ ದಿನದಂದು ಫಾಸ್ಕಾಸ್ ಜಾಲತಾಣದಲ್ಲಿಯೇ ಖಚಿತಪಡಿಸಿಕೊಳ್ಳುವುದು. ನಮೂನೆ 'ಎ'ಯಲ್ಲಿ ಅರ್ಜಿ, ಭಾವಚಿತ್ರ ಮತ್ತು ಗುರುತಿನ ದಾಖಲೆ ಅಗತ್ಯ. ನೋಂದಣಿಯಾದಲ್ಲಿ 14 ಅಂಕಿಗಳ ಸಂಖ್ಯೆ ದೊರೆಯುತ್ತದೆ. ಅರ್ಜಿ ಬಂದ 7 ದಿನಗಳೊಳಗೆ ನೋಂದಣಿ ನೀಡುವುದು, ಕಾರಣ ತಿಳಿಸಿ ನಿರಾಕರಿಸುವುದು ಅಥವಾ ಪರಿಶೀಲನೆಗೆ ತಿಳಿವಳಿಕೆ ಕೊಡುವುದು, ಇವುಗಳಲ್ಲಿ ಒಂದು ಆಗಬೇಕೆಂದು 2011ರ ನಿಯಮಾವಳಿ ಹೇಳಿದೆ. ಆದುದರಿಂದ ಅರ್ಜಿಯ ಸ್ವೀಕೃತಿಯನ್ನು ಅರ್ಜಿದಾರರು ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು.

ಈ ನೋಂದಣಿಗಾಗಿ ನಾಡಕಚೇರಿಗೆ ಅಲೆಯುವ ಅಗತ್ಯವಿಲ್ಲ. ನಾಡಕಚೇರಿಯಲ್ಲಿ ದೊರೆಯುವುದು ಜಾತಿ, ಆದಾಯ, ವಾಸಸ್ಥಳ ಮುಂತಾದ ಪ್ರಮಾಣಪತ್ರಗಳು. ಆಹಾರ ನೋಂದಣಿಯ ವಿಷಯದಲ್ಲಿ ತಾಲ್ಲೂಕಿನ ವ್ಯಾಪ್ತಿಯ ಆಹಾರ ಸುರಕ್ಷತಾ ಅಧಿಕಾರಿಯನ್ನು ಸಂಪರ್ಕಿಸಬೇಕು. ಒಂದೇ ಹೆಸರಿನ ಊರುಗಳು ಬೇರೆ ಬೇರೆ ತಾಲ್ಲೂಕುಗಳಲ್ಲಿ ಇರುವುದು ಅಪರೂಪವಲ್ಲವಾದ್ದರಿಂದ, ವಿಳಾಸ ತುಂಬುವಾಗ ಹೋಬಳಿ, ತಾಲ್ಲೂಕು ಮತ್ತು ಪಿನ್ ಸಂಖ್ಯೆಯನ್ನು ಎರಡು ಬಾರಿ ನೋಡಿಕೊಳ್ಳುವುದು.

ಸಾಲ ಮತ್ತು ಸಹಾಯಧನದ ಬಗ್ಗೆ ವಿಚಾರಿಸುವವರು ಅನೇಕರಿದ್ದಾರೆ. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆಯಲ್ಲಿ ಯೋಜನಾ ವೆಚ್ಚದ ಶೇ. 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ, ಸಾಲಕ್ಕೆ ಜೋಡಿಸಿದ ಸಹಾಯಧನಕ್ಕೆ ಅವಕಾಶ ಮಾಡಲಾಗಿತ್ತು. ಅರ್ಜಿ ಸ್ವೀಕಾರವಾಗುತ್ತಿದೆಯೇ ಎಂಬುದನ್ನು ಮೊದಲು ವಿಚಾರಿಸುವುದು. ಒಂದು ಒಲೆಯಲ್ಲಿ ಆರಂಭಿಸುವವರಿಗೆ ಮೊದಲ ಆರು ತಿಂಗಳು ಸಾಲವಿಲ್ಲದೆ ನಡೆಸಿ ನೋಡುವುದೇ ಕ್ಷೇಮ.

ಪೊಟ್ಟಣದ ಮೇಲಿನ ವಿವರ

ತಿನಿಸಿನ ಹೆಸರು, ತೂಕದ ಇಳಿಕೆಯ ಕ್ರಮದಲ್ಲಿ ಸಾಮಗ್ರಿಗಳು, ಸಸ್ಯಾಹಾರದ ಹಸಿರು ಗುರುತು, ತಯಾರಕರ ಹೆಸರು ಮತ್ತು ವಿಳಾಸ, ನಿವ್ವಳ ತೂಕ, ಬೆಲೆ, ತಂಡದ ಸಂಖ್ಯೆ, ತಯಾರಿಸಿದ ಹಾಗೂ ಅವಧಿ ಮುಗಿಯುವ ದಿನಾಂಕ, ನೋಂದಣಿ ಸಂಖ್ಯೆ ಇರತಕ್ಕದ್ದು. 20 ಗ್ರಾಂ ಉಂಡೆಯು ಸುಟ್ಟ ಮೇಲೆ ಸುಮಾರು 18 ಗ್ರಾಂ ಆಗುವುದರಿಂದ ನಿವ್ವಳ ತೂಕವನ್ನು ಸುಟ್ಟು ಆರಿದ ನಂತರವೇ ನಮೂದಿಸಬೇಕು. 2020ರ ಲೇಬಲ್ ನಿಯಮಾವಳಿಯಂತೆ ಈ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರಬೇಕಾಗಿದ್ದು, ಜೊತೆಗೆ ಕನ್ನಡವನ್ನೂ ಬಳಸಬಹುದು. ಕನ್ನಡ ಮಾತ್ರ ಇದ್ದರೆ ಸಾಲದು. ಕೊಳ್ಳುವವರು ಓದುವುದು ಕನ್ನಡವನ್ನೇ ಆದುದರಿಂದ ಎರಡನ್ನೂ ಮುದ್ರಿಸುವುದು ಸೂಕ್ತ. ಅವಧಿಯನ್ನು ಊಹೆಯ ಮೇಲೆ ಬರೆಯದೆ, ಪ್ರತಿ ತಂಡದಿಂದ ಕೆಲವು ಪೊಟ್ಟಣಗಳನ್ನು ಎತ್ತಿಟ್ಟು 7, 14 ಮತ್ತು 21ನೇ ದಿನ ಒಂದೊಂದನ್ನು ತೆರೆದು ಕಮಟು ವಾಸನೆ ಬಂದಿದೆಯೇ ಎಂದು ನೋಡಿ ನಿರ್ಧರಿಸಬೇಕು.

"ಕಡಲೆಕಾಯಿ, ಗೋಧಿ, ಹಾಲು ಒಳಗೊಂಡಿದೆ" ಎಂಬ ಸಾಲನ್ನು ಯಾವ ಕಾರಣಕ್ಕೂ ಬಿಡಬಾರದು. ಕೆಲವರಿಗೆ ಕಡಲೆಕಾಯಿಯ ಅತ್ಯಲ್ಪ ಅಂಶವೂ ಅಲರ್ಜಿ ಉಂಟುಮಾಡಿ, ತುಟಿ ಮತ್ತು ಗಂಟಲು ಊದಿ, ಉಸಿರಾಟಕ್ಕೆ ತೊಂದರೆಯಾಗಿ ಕೆಲವೇ ನಿಮಿಷಗಳಲ್ಲಿ ಪ್ರಾಣಾಪಾಯ ಒದಗಬಹುದು. ರುಬ್ಬಿದ ಬೀಜ ಹಿಟ್ಟಿನಲ್ಲಿ ಬೆರೆತಿರುವುದರಿಂದ ನೋಡಿದವರಿಗೆ ಗೊತ್ತಾಗುವುದಿಲ್ಲ. ಶಾಲೆ, ಅಂಗನವಾಡಿ, ಮದುವೆಮನೆಗಳಿಗೆ ಬಿಡಿಯಾಗಿ ಕೊಡುವಾಗ ಚೀಟಿ ಇರುವುದಿಲ್ಲವಾದ್ದರಿಂದ ಬಾಯಿಮಾತಿನಲ್ಲಿ ತಿಳಿಸಿಯೇ ಕೊಡತಕ್ಕದ್ದು. ಅದೇ ಮಿಕ್ಸಿ ಜಾರು ಮತ್ತು ತಟ್ಟೆಗಳಲ್ಲಿ ಮಾಡಿದ ಬೆಣ್ಣೆ ಬಿಸ್ಕತ್ತಿಗೂ ಈ ಎಚ್ಚರಿಕೆ ಅನ್ವಯಿಸುತ್ತದೆ. ಇಂತಹ ಲಕ್ಷಣಗಳು ಕಂಡಲ್ಲಿ ಮನೆಮದ್ದಿಗೆ ಕಾಯದೆ 108ಕ್ಕೆ ಕರೆ ಮಾಡಿ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.