ಹಲವು ಹೆಸರುಗಳ ಒಬ್ಬ ಕಾದಂಬರಿಕಾರ್ತಿ

ಕನ್ನಡದಲ್ಲಿ ಕಾವ್ಯನಾಮವು ಸಾಮಾನ್ಯವಾಗಿ ಲೇಖಕರ ಸಮಗ್ರ ಬರವಣಿಗೆಗೆ ಸಲ್ಲುವ ಒಂದೇ ಅಂಕಿತ. ಅನಸೂಯಾ ಶಂಕರ್ ಅವರ ಕಾದಂಬರಿಗಳು ‘ತ್ರಿವೇಣಿ’ ಎಂಬ ಹೆಸರಿನಿಂದಲೇ ಓದುಗರನ್ನು ತಲುಪಿದವು. ಇದಕ್ಕೆ ತೀರ ಭಿನ್ನವಾದ ಮಾರ್ಗವನ್ನು ಇಂಗ್ಲಿಷಿನ ಜನಪ್ರಿಯ ಕಾದಂಬರಿಕಾರ್ತಿ ಎಲೀನರ್ ಹಿಬರ್ಟ್ (1906–1993) ಅವರಲ್ಲಿ ಕಾಣಬಹುದು. ಸುಮಾರು 200 ಕೃತಿಗಳನ್ನು ರಚಿಸಿದ ಈಕೆಯ ನಿಜನಾಮ ಬಹುಪಾಲು ಓದುಗರಿಗೆ ಅಪರಿಚಿತ. ಆಕೆ ಧರಿಸಿದ ಹೆಸರುಗಳು ಮಾತ್ರ ಮನೆಮಾತು.

ಲಂಡನ್ನಿನಲ್ಲಿ ಜನಿಸಿದ ಹಿಬರ್ಟ್ ಆರಂಭದಲ್ಲಿ ಬರೆದ ಗಂಭೀರ ಸ್ವರೂಪದ ಕಾದಂಬರಿಗಳನ್ನು ಪ್ರಕಾಶಕರು ಸ್ವೀಕರಿಸಲಿಲ್ಲ. ಪತ್ರಿಕಾ ಸಂಪಾದಕರೊಬ್ಬರ ಸಲಹೆಯಂತೆ ಆಕೆ ಪ್ರಣಯಕಥನದತ್ತ ಹೊರಳಿದರು. 1941ರಲ್ಲಿ ತವರಿನ ಹೆಸರಾದ ಎಲೀನರ್ ಬರ್ಫರ್ಡ್ ಎಂಬ ಅಂಕಿತದಲ್ಲಿ ಮೊದಲ ಕಾದಂಬರಿ ಪ್ರಕಟವಾಯಿತು. 1945ರಲ್ಲಿ ‘ಜೀನ್ ಪ್ಲೇಡಿ’ ಎಂಬ ಹೆಸರು ಕಾಣಿಸಿಕೊಂಡಿತು. ‘ಪ್ಲೇಡಿ’ ಎಂಬುದು ಆಕೆ ಯುದ್ಧಕಾಲದಲ್ಲಿ ವಾಸವಾಗಿದ್ದ ಕಾರ್ನ್‌ವಾಲ್ ಪ್ರದೇಶದ ಕಡಲತೀರವೊಂದರ ಹೆಸರು. ಮುಂದೆ ಈ ಅಂಕಿತವು ರಾಜಮನೆತನಗಳ ಐತಿಹಾಸಿಕ ಕಾದಂಬರಿಗಳಿಗೆ ಮೀಸಲಾಯಿತು. 1960ರ ‘ಮಿಸ್ಟ್ರೆಸ್ ಆಫ್ ಮೆಲಿನ್’ ಕೃತಿಯೊಡನೆ ‘ವಿಕ್ಟೋರಿಯಾ ಹೋಲ್ಟ್’ ಹುಟ್ಟಿದಳು. ನಿಗೂಢತೆಯೂ ಪ್ರಣಯವೂ ಬೆರೆತ ಈ ಕಾದಂಬರಿಯನ್ನು ಓದಿದ ಹಲವರು ಇದು ಡ್ಯಾಫ್ನಿ ಡು ಮಾರಿಯೆ ಅವರದೇ ಇರಬೇಕೆಂದು ಊಹಿಸಿದ್ದುಂಟು. 1972ರಿಂದ ‘ಫಿಲಿಪ್ಪಾ ಕಾರ್’ ಎಂಬ ಹೆಸರಿನಲ್ಲಿ ಒಂದೇ ವಂಶದ ತಲೆಮಾರುಗಳನ್ನು ನಿರೂಪಿಸುವ ಕಾದಂಬರಿಮಾಲೆ ಮೊದಲಾಯಿತು.

ಹೀಗೆ ಇಲ್ಲಿ ಕಾವ್ಯನಾಮವು ಲೇಖಕಿಯ ಗುರುತಾಗಿರದೆ ಕೃತಿಪ್ರಕಾರದ ಗುರುತಾಗಿದೆ. ಮುಖಪುಟದ ಹೆಸರನ್ನು ಕಂಡೊಡನೆ ಒಳಗಿನ ಕಥನ ಎಂಥದೆಂಬುದು ಓದುಗರಿಗೆ ತಿಳಿಯುತ್ತಿತ್ತು. ಪ್ರಕಾಶನ ವ್ಯವಹಾರಕ್ಕೆ ಇದು ಅನುಕೂಲ. ವಿಮರ್ಶೆಗೆ ಮಾತ್ರ ತೊಡಕು. ಏಕೆಂದರೆ ಹೆಸರುಗಳ ಈ ವಿಭಜನೆಯು ಕೃತಿಗಳ ನಡುವಣ ಸಂಬಂಧವನ್ನು ಮರೆಮಾಡುತ್ತದೆ. ಅರಮನೆಯ ರಾಜಕಾರಣದಲ್ಲಿ ಸಿಲುಕಿದ ಪ್ಲೇಡಿಯ ರಾಣಿಯರು, ಅಪರಿಚಿತ ಬಂಗಲೆಗೆ ಬಂದು ಮಕ್ಕಳ ಶಿಕ್ಷಕಿಯಾಗುವ ಹೋಲ್ಟಳ ನಾಯಕಿ, ತಾಯಿಯಿಂದ ಮಗಳಿಗೆ ಸಾಗುವ ಕಾರ್‌ಳ ಕಥನ, ಇವೆಲ್ಲವುಗಳ ಹಿಂದೆ ಇರುವ ಪ್ರಶ್ನೆ ಒಂದೇ: ಅನ್ಯರ ಅಧಿಕಾರ ನಡೆಯುವ ಮನೆಯಲ್ಲಿ ಹೆಣ್ಣು ತನ್ನ ನೆಲೆಯನ್ನು ಕಂಡುಕೊಳ್ಳುವ ಬಗೆ ಯಾವುದು?

ಜನಪ್ರಿಯ ಸಾಹಿತ್ಯವನ್ನು ಕೇವಲ ಮಾರಾಟದ ಸರಕೆಂದು ಬದಿಗಿರಿಸುವುದು ಸುಲಭ. ಆದರೆ ಹೆಸರುಗಳ ತೆರೆಯನ್ನು ಸರಿಸಿ ಈ ಕೃತಿಗಳನ್ನು ಒಟ್ಟಾಗಿ ಓದಿದಾಗ, ಅರ್ಧ ಶತಮಾನ ಕಾಲ ಒಂದೇ ಪ್ರಶ್ನೆಯನ್ನು ಬಿಡದೆ ಹಿಂಬಾಲಿಸಿದ ಲೇಖಕಿಯೊಬ್ಬರು ಎದುರಾಗುತ್ತಾರೆ. ಆಕೆಗೆ ಸಲ್ಲಬೇಕಾದ ವಿಮರ್ಶೆ ತೊಡಗಬೇಕಾದುದು ಅಲ್ಲಿಂದ.