ವಿಟಮಿನ್ ಡಿ ನೆಪದಲ್ಲಿ ಚರ್ಮ ಸುಟ್ಟುಕೊಳ್ಳಬೇಡಿ

2020ರಲ್ಲಿ ಜಗತ್ತಿನಾದ್ಯಂತ ಸುಮಾರು 3.25 ಲಕ್ಷ ಮಂದಿಗೆ ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಬಂತು. 57 ಸಾವಿರ ಮಂದಿ ಅದರಿಂದ ತೀರಿಕೊಂಡರು. ಪರಿಸ್ಥಿತಿ ಹೀಗೇ ಮುಂದುವರಿದರೆ 2040ರಲ್ಲಿ ರೋಗಿಗಳು 5.1 ಲಕ್ಷ, ಸಾವು 96 ಸಾವಿರ ಆಗಲಿದೆ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅಂದಾಜಿಸಿದ್ದಾರೆ. ಇಂಥ ಹೊತ್ತಿನಲ್ಲೇ ‘ಸನ್‌ಸ್ಕ್ರೀನ್ ಬಿಡಿ, ಬಿಸಿಲು ಕಾಯಿಸಿ, ವಿಟಮಿನ್ ಡಿ ಪಡೆಯಿರಿ’ ಎಂಬ ಉಪದೇಶ ಮೊಬೈಲುಗಳಲ್ಲಿ ಹರಿದಾಡುತ್ತಿದೆ. ಬಿಳಿ ಚರ್ಮದವರಿಗೆ ಇದು ನೇರ ಅಪಾಯ.

ನಮ್ಮ ಚರ್ಮದಲ್ಲಿ 7-ಡಿಹೈಡ್ರೊಕೊಲೆಸ್ಟರಾಲ್ ಎಂಬ ವಸ್ತುವಿದೆ. ಬಿಸಿಲಿನ ಯುವಿ-ಬಿ ಕಿರಣ ತಾಗಿದಾಗ ಅದು ವಿಟಮಿನ್ ಡಿಯ ಪೂರ್ವರೂಪವಾಗುತ್ತದೆ. ಅದೇ ಕಿರಣ ಚರ್ಮದ ಜೀವಕೋಶಗಳ ಡಿಎನ್‌ಎಯಲ್ಲಿ ಅಕ್ಕಪಕ್ಕದ ಥೈಮಿನ್‌ಗಳನ್ನು ಒಂದಕ್ಕೊಂದು ಬೆಸೆದುಬಿಡುತ್ತದೆ. ಜೀವಕೋಶ ಇದನ್ನು ರಿಪೇರಿ ಮಾಡಿಕೊಳ್ಳುತ್ತದೆ, ನಿಜ. ಆದರೆ ರಿಪೇರಿಯಾಗದೆ ಉಳಿದದ್ದು ವರ್ಷಾನುಗಟ್ಟಲೆ ಕೂಡಿಕೊಂಡು ಹೋಗುತ್ತದೆ. ಇನ್ನೊಂದು ಮಾತನ್ನು ಬಿಸಿಲಿನ ಪ್ರಚಾರಕರು ಹೇಳುವುದೇ ಇಲ್ಲ: ಸ್ವಲ್ಪ ಹೊತ್ತಿನ ನಂತರ ಹೆಚ್ಚುವರಿ ಬಿಸಿಲು ಆ ಪೂರ್ವರೂಪವನ್ನೇ ಲುಮಿಸ್ಟರಾಲ್, ಟ್ಯಾಕಿಸ್ಟರಾಲ್ ಎಂಬ ಬೇರೆ ವಸ್ತುಗಳಾಗಿ ಮಾರ್ಪಡಿಸುತ್ತದೆ. ವಿಟಮಿನ್ ತಯಾರಿ ಅಲ್ಲಿಗೆ ನಿಲ್ಲುತ್ತದೆ, ಡಿಎನ್‌ಎಗೆ ಆಗುವ ಹಾನಿ ನಿಲ್ಲುವುದಿಲ್ಲ.

ಕೃತಕ ಟ್ಯಾನಿಂಗ್ ಯಂತ್ರಗಳದ್ದು ಇನ್ನೂ ಕೆಟ್ಟ ಕತೆ. ಅವು ಸೂಸುವುದು ಬಹುಪಾಲು ಯುವಿ-ಎ. ಅದರಿಂದ ವಿಟಮಿನ್ ಡಿ ಹುಟ್ಟುವುದಿಲ್ಲ. 2009ರಲ್ಲಿ ಇವನ್ನು ತಂಬಾಕಿನ ಸಾಲಿಗೇ, ಅಂದರೆ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಲಾಯಿತು. ಬ್ರೆಜಿಲ್ ಅದೇ ವರ್ಷ ನಿಷೇಧಿಸಿತು. ಅಮೆರಿಕದಲ್ಲಿ ಈ ಉದ್ಯಮದ ಸಂಘ ಆರೋಗ್ಯದ ಹೆಸರಿನಲ್ಲಿ ಜಾಹೀರಾತು ಕೊಟ್ಟಾಗ, ‘ವಿಟಮಿನ್ ಡಿಗಾಗಿ ಚರ್ಮ ಕಪ್ಪಾಗಬೇಕಿಲ್ಲ’ ಎಂದು ಅಂಥ ಜಾಹೀರಾತಿನಲ್ಲೇ ತಿಳಿಸಬೇಕೆಂದು 2010ರಲ್ಲಿ ಅಲ್ಲಿನ ವ್ಯಾಪಾರ ಆಯೋಗ ಕಟ್ಟುಪಾಡು ಹಾಕಿತು.

ವಿಟಮಿನ್ ಡಿ ಕ್ಯಾನ್ಸರನ್ನೇ ತಡೆಯುತ್ತದಲ್ಲ ಎನ್ನುವವರಿದ್ದಾರೆ. ಅಮೆರಿಕದ ‘ವೈಟಲ್’ ಪ್ರಯೋಗದಲ್ಲಿ 25,871 ಮಂದಿಯ ಪೈಕಿ ಅರ್ಧದಷ್ಟು ಜನ ಐದು ವರ್ಷಕ್ಕೂ ಹೆಚ್ಚು ಕಾಲ ದಿನಕ್ಕೆ 2,000 ಯೂನಿಟ್ ತೆಗೆದುಕೊಂಡರು. ಕ್ಯಾನ್ಸರ್ ಬರುವುದು ಕಡಿಮೆಯಾಗಲಿಲ್ಲ. ಮೂಳೆಗೆ ಈ ವಿಟಮಿನ್ ಬೇಕೇ ಬೇಕು. ಕೊರತೆಯಿದ್ದರೆ ವೈದ್ಯರು ಹೇಳಿದಷ್ಟು ಮಾತ್ರೆ ಸಾಕು.

ಕಂದು ಮೈಬಣ್ಣದ ನಮಗೆ ಮೆಲನಿನ್ ಎಂಬ ವರ್ಣದ್ರವ್ಯದ ರಕ್ಷಣೆಯಿದೆ. ಹಾಗಾಗಿ ಆಸ್ಟ್ರೇಲಿಯದ ಸಿಡ್ನಿ, ಮೆಲ್ಬರ್ನ್‌ನಲ್ಲಿರುವ ಕನ್ನಡಿಗರಿಗೂ ಚರ್ಮದ ಕ್ಯಾನ್ಸರಿಗಿಂತ ವಿಟಮಿನ್ ಕೊರತೆಯೇ ಹತ್ತಿರದ ಅಪಾಯ. ಆದರೂ ಪೂರ್ತಿ ನಿಶ್ಚಿಂತರಾಗುವಂತಿಲ್ಲ. ನಮ್ಮಂಥವರಲ್ಲಿ ಮೆಲನೋಮ ಹೆಚ್ಚಾಗಿ ಕಾಣಿಸಿಕೊಳ್ಳುವುದು ಬಿಸಿಲಿಗೆ ಸಂಬಂಧವಿಲ್ಲದ ಅಂಗಾಲು, ಅಂಗೈ, ಉಗುರಿನ ಅಡಿಯಲ್ಲಿ. ಮುಳ್ಳು ಚುಚ್ಚಿದ್ದೋ ಆಣಿಯೋ ಎಂದುಕೊಂಡು ತಿಂಗಳುಗಟ್ಟಲೆ ಬಿಟ್ಟಿರುತ್ತೇವೆ. ಅಂಗಾಲಿನಲ್ಲಿ ಬೆಳೆಯುತ್ತಿರುವ ಕಪ್ಪು ಮಚ್ಚೆ ಕಂಡರೆ ದಯವಿಟ್ಟು ಕಾಯಬೇಡಿ, ಚರ್ಮ ವೈದ್ಯರಿಗೆ ತೋರಿಸಿ.